ಇಪ್ಪತ್ತೊಂದು ಪ್ರಶ್ನೆಗಳ ಒಂದು ಅರ್ಜಿ

ಅಮೆರಿಕದ ನಾಗರಿಕ ಹಕ್ಕು ಚಳವಳಿ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವ ಚಿತ್ರಗಳು ಎರಡೋ ಮೂರೋ. ಬಸ್ಸಿನ ಸೀಟು ಬಿಟ್ಟು ಏಳದ ರೋಸಾ ಪಾರ್ಕ್ಸ್, ವಾಷಿಂಗ್ಟನ್ನಿನ ಜನಸಾಗರದ ಎದುರು ಮಾರ್ಟಿನ್ ಲೂಥರ್ ಕಿಂಗ್, ಸೆಲ್ಮಾ ಸೇತುವೆಯ ಬಳಿ ಲಾಠಿ ಏಟು ತಿನ್ನುತ್ತಿರುವ ಮೆರವಣಿಗೆ. ಈ ಸಲದ ಅಂಕಣದಲ್ಲಿ ನಾನು ಬರೆಯಬೇಕೆಂದಿರುವುದು ಫೋಟೊಗಳಲ್ಲಿ ಅಷ್ಟಾಗಿ ಕಾಣಿಸದ ಒಂದು ಕೆಲಸದ ಬಗ್ಗೆ. ಹಗಲಿನ ದುಡಿಮೆ ಮುಗಿಸಿ, ರಾತ್ರಿ ಒಂದು ಕೋಣೆಯಲ್ಲಿ ಸೇರಿ, ಸರ್ಕಾರಿ ಅರ್ಜಿಯೊಂದನ್ನು ತುಂಬುವುದು ಹೇಗೆಂದು ನೆರೆಹೊರೆಯವರಿಗೆ ಕಲಿಸುತ್ತಿದ್ದ ಕೆಲಸ ಅದು.

ಅರ್ಜಿ ಎಂದರೆ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿ. 1950ರ ದಶಕದ ನಡುವಿನಿಂದ ಮಿಸಿಸಿಪ್ಪಿ ರಾಜ್ಯದಲ್ಲಿ ಬಳಕೆಯಲ್ಲಿದ್ದ ನಮೂನೆಯಲ್ಲಿ 21 ಪ್ರಶ್ನೆಗಳಿದ್ದವು. ಹೆಸರು, ವಯಸ್ಸು, ಉದ್ಯೋಗ, ಎಲ್ಲವೂ ನಮಗೆ ಪರಿಚಿತ. ನಡುವೆ ಒಂದು ಪ್ರಶ್ನೆ: ನೀವು ಯಾರ ಬಳಿ ಕೆಲಸ ಮಾಡುತ್ತೀರಿ? ಕೊನೆಯ ಕಡೆಗೆ ಹೋದರೆ ರಾಜ್ಯ ಸಂವಿಧಾನದ ಒಂದು ವಿಧಿಯನ್ನು ನಕಲು ಮಾಡಿ ಬರೆಯಬೇಕು. ಯಾವ ವಿಧಿ ಎಂಬುದನ್ನು ನೋಂದಣಿ ಅಧಿಕಾರಿ ಆರಿಸುತ್ತಾನೆ. ಆಮೇಲೆ ಆ ವಿಧಿಯ ಅರ್ಥವನ್ನು ವಿವರಿಸಬೇಕು. ಅದಾದ ಮೇಲೆ ನಾಗರಿಕನ ಕರ್ತವ್ಯಗಳ ಬಗ್ಗೆ ಸ್ವಂತ ಮಾತಿನಲ್ಲಿ ಬರೆಯಬೇಕು. ಮಿಸಿಸಿಪ್ಪಿಯ ಸಂವಿಧಾನದಲ್ಲಿ 280ಕ್ಕೂ ಹೆಚ್ಚು ವಿಧಿಗಳು. ಒಬ್ಬನಿಗೆ ಒಂದೇ ಸಾಲಿನ ಸುಲಭದ ವಿಧಿ ಸಿಗಬಹುದು, ಇನ್ನೊಬ್ಬನಿಗೆ ವಕೀಲರೇ ತಲೆ ಕೆರೆದುಕೊಳ್ಳುವಂಥ ತೆರಿಗೆ ಕಾನೂನಿನ ವಿಧಿ ಬರಬಹುದು. ಉತ್ತರ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನೂ ಅದೇ ಅಧಿಕಾರಿ.

ನಾವು ಸಾಫ್ಟ್‌ವೇರಿನವರು ದಿನಬೆಳಗಾದರೆ ಫಾರ್ಮುಗಳನ್ನು ಕಟ್ಟುವವರು. ಯಾವ ಉತ್ತರ ಪಾಸು, ಯಾವುದು ಫೇಲು ಎಂದು ಮೊದಲೇ ಬರೆದಿಡದಿದ್ದರೆ ಟೆಸ್ಟಿಂಗ್ ಟೀಮಿನವರು ನಮ್ಮನ್ನು ಬಿಡುವುದಿಲ್ಲ. ಈ ಫಾರ್ಮಿನಲ್ಲಿ ಇಲ್ಲದೇ ಇದ್ದದ್ದು ಅದೊಂದೇ, ಮತ್ತು ಅದನ್ನು ಬೇಕೆಂದೇ ಕೈಬಿಡಲಾಗಿತ್ತು. ಬಣ್ಣದ ಕಾರಣಕ್ಕೆ ಯಾರ ಮತದ ಹಕ್ಕನ್ನೂ ಕಸಿಯುವಂತಿಲ್ಲ ಎಂದು ಅಮೆರಿಕದ ಸಂವಿಧಾನಕ್ಕೆ 1870ರಲ್ಲೇ ತಿದ್ದುಪಡಿಯಾಗಿತ್ತು. ಹಾಗಾಗಿ 1890ರಲ್ಲಿ ಮಿಸಿಸಿಪ್ಪಿ ಹೊಸ ರಾಜ್ಯ ಸಂವಿಧಾನ ಬರೆದುಕೊಂಡಾಗ ಅದರಲ್ಲಿ ಬಣ್ಣದ ಮಾತೇ ಇರಲಿಲ್ಲ. ಮತ ಹಾಕಬೇಕಾದರೆ ವರ್ಷಕ್ಕೆ 2 ಡಾಲರ್ ತಲೆಗಂದಾಯ ಕಟ್ಟಿರಬೇಕು, ಸಂವಿಧಾನದ ವಿಧಿಯನ್ನು ಓದಬಲ್ಲವರಾಗಿರಬೇಕು ಇಲ್ಲವೇ ಓದಿ ಹೇಳಿದರೆ ಅರ್ಥಮಾಡಿಕೊಳ್ಳಬಲ್ಲವರಾಗಿರಬೇಕು ಎಂದಷ್ಟೇ ಇತ್ತು. ಉಳಿದದ್ದನ್ನು ಅಧಿಕಾರಿಯ ಕೈಗೆ ಬಿಟ್ಟರು. ದಕ್ಷಿಣದ ಬೇರೆ ರಾಜ್ಯಗಳೂ ತಮ್ಮ ತಮ್ಮ ರೀತಿಯಲ್ಲಿ ಇದೇ ದಾರಿ ಹಿಡಿದವು. 1960ರ ದಶಕದ ಆರಂಭಕ್ಕೂ ಮಿಸಿಸಿಪ್ಪಿಯಲ್ಲಿ ಮತದಾನದ ವಯಸ್ಸಿನ ನೂರು ಮಂದಿ ಕಪ್ಪು ಜನರಲ್ಲಿ ಪಟ್ಟಿಯಲ್ಲಿದ್ದವರು ಏಳು ಮಂದಿಯೂ ಇರಲಿಲ್ಲ.

ಇಂಥ ಅರ್ಜಿಯ ಎದುರು ಏನು ಮಾಡುವುದು? ಒಂದು ಉತ್ತರ ಹುಟ್ಟಿದ್ದು ಸೌತ್ ಕರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ನಗರದ ಪಕ್ಕದಲ್ಲಿರುವ ಜಾನ್ಸ್ ಐಲೆಂಡ್ ಎಂಬ ದ್ವೀಪದಲ್ಲಿ. ಅಲ್ಲಿ ಈಸಾ ಜೆಂಕಿನ್ಸ್ ಎಂಬವರು ಒಂದು ಬಸ್ಸು ಇಟ್ಟುಕೊಂಡಿದ್ದರು. ದ್ವೀಪದ ಜನರನ್ನು ಬೆಳಿಗ್ಗೆ ಕೆಲಸಕ್ಕೆ ಚಾರ್ಲ್ಸ್‌ಟನ್ನಿಗೆ ಕರೆದೊಯ್ಯುವುದು, ಸಂಜೆ ವಾಪಸ್ ತರುವುದು. ಸೌತ್ ಕರೊಲಿನಾದಲ್ಲಿ ಪಟ್ಟಿಗೆ ಸೇರಲು ರಾಜ್ಯ ಸಂವಿಧಾನದ ಒಂದು ಭಾಗವನ್ನು ಓದಿ ತೋರಿಸಬೇಕಿತ್ತು. ಜೆಂಕಿನ್ಸ್ ಅದನ್ನು ಬಸ್ಸಿನಲ್ಲೇ ಹೇಳಿಕೊಡಲು ಶುರು ಮಾಡಿದರು. ಪ್ರಯಾಣಿಕರಲ್ಲಿ ಒಬ್ಬ ಹೆಂಗಸು ಕೇಳಿ ಕೇಳಿಯೇ ಆ ಭಾಗವನ್ನೆಲ್ಲ ಬಾಯಿಪಾಠ ಮಾಡಿಕೊಂಡರು. ಆದರೆ ಆಕೆಗೆ ಅಷ್ಟು ಸಾಲಲಿಲ್ಲ. ಬಾಯಿಪಾಠ ಒಪ್ಪಿಸುವುದಲ್ಲ, ನಿಜವಾಗಿ ಓದುವುದನ್ನೇ ಕಲಿಸಿಕೊಡಿ ಎಂದು ಕೇಳಿದರು.

ಈ ಬೇಡಿಕೆಯನ್ನು ಕೈಗೆತ್ತಿಕೊಂಡವರು ಸೆಪ್ಟಿಮಾ ಕ್ಲಾರ್ಕ್. 1898ರಲ್ಲಿ ಚಾರ್ಲ್ಸ್‌ಟನ್ನಿನಲ್ಲಿ ಹುಟ್ಟಿದ ಇವರು ಹದಿಹರೆಯದಲ್ಲೇ ಮೇಡಂ ಆಗಿ ಇದೇ ದ್ವೀಪಕ್ಕೆ ಬಂದವರು, ಏಕೆಂದರೆ ಆಗ ಚಾರ್ಲ್ಸ್‌ಟನ್ನಿನ ಸರ್ಕಾರಿ ಶಾಲೆಗಳು ಕಪ್ಪು ಶಿಕ್ಷಕರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಸುಮಾರು ನಲವತ್ತು ವರ್ಷ ಪಾಠ ಹೇಳಿದ ಮೇಲೆ, 1956ರಲ್ಲಿ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್ಎಎಸಿಪಿ ಸಂಘಟನೆಯ ಸದಸ್ಯರಾಗಿರುವವರು ಸರ್ಕಾರಿ ನೌಕರಿಯಲ್ಲಿರುವಂತಿಲ್ಲ ಎಂದು ರಾಜ್ಯ ಕಾನೂನು ಮಾಡಿತು. ಸದಸ್ಯತ್ವವನ್ನು ಬಚ್ಚಿಡಲು ಕ್ಲಾರ್ಕ್ ಒಪ್ಪಲಿಲ್ಲ. ನೌಕರಿಯೂ ಹೋಯಿತು, ಪಿಂಚಣಿಯೂ ಹೋಯಿತು. ಅವರು ಟೆನೆಸಿಯ ಹೈಲ್ಯಾಂಡರ್ ಎಂಬ ಜನಶಿಕ್ಷಣ ಕೇಂದ್ರ ಸೇರಿಕೊಂಡರು. ಅದರ ನೆರವಿನಿಂದ 1957ರ ಜನವರಿ 7ರಂದು ಜಾನ್ಸ್ ಐಲೆಂಡಿನಲ್ಲಿ ಮೊದಲ ‘ಪೌರತ್ವ ಶಾಲೆ’ ಆರಂಭವಾಯಿತು. ಮುಂದೆ ಒಂದು ದಿನಸಿ ಅಂಗಡಿ, ಹಿಂದಿನ ಕೋಣೆಯಲ್ಲಿ ಪಾಠ. ಅಂಗಡಿ ಇದ್ದರೆ ಬಿಳಿಯರಿಗೆ ಅನುಮಾನ ಬರುವುದಿಲ್ಲ ಎಂಬ ಲೆಕ್ಕ. ಜನವರಿಯಲ್ಲಿ ಶುರು ಮಾಡಿದ್ದಕ್ಕೂ ಕಾರಣವಿತ್ತು. ಹೊಲದ ಕೆಲಸ ಕಡಿಮೆ ಇರುವ ಕಾಲ ಅದು.

ಆ ಶಾಲೆಯ ಮೊದಲ ಶಿಕ್ಷಕಿ ಬರ್ನಿಸ್ ರಾಬಿನ್ಸನ್ ಶಿಕ್ಷಕಿಯೇ ಆಗಿರಲಿಲ್ಲ. ಬ್ಯೂಟಿ ಪಾರ್ಲರ್ ನಡೆಸುತ್ತಿದ್ದವರು, ಕ್ಲಾರ್ಕ್ ಅವರ ಸಂಬಂಧಿ. ನನಗೆ ಈ ಆಯ್ಕೆಯಲ್ಲಿ ಬಹಳ ಜಾಣತನ ಕಾಣುತ್ತದೆ. ಓದಿದ ಮೇಡಂ ಬಂದರೆ, ಅಕ್ಷರ ಬಾರದ ದೊಡ್ಡವರು ಮುದುಡಿಕೊಳ್ಳುತ್ತಾರೆ. ಮೇಲಾಗಿ ಸರ್ಕಾರಿ ಶಿಕ್ಷಕರಿಗೆ ನೌಕರಿ ಕಳೆದುಕೊಳ್ಳುವ ಭಯ. ಪಾರ್ಲರ್ ನಡೆಸುವವರಿಗೆ ಗಿರಾಕಿಗಳೆಲ್ಲ ಕಪ್ಪು ಹೆಂಗಸರೇ, ಕೆಲಸದಿಂದ ತೆಗೆಯಲು ಬಿಳಿಯ ಧಣಿ ಎಂಬವನೇ ಇಲ್ಲ.

ರಾಬಿನ್ಸನ್ ಮೊದಲು ಚಿಕ್ಕ ಮಕ್ಕಳ ಪಾಠದ ಸಾಮಗ್ರಿ ತೆಗೆದುಕೊಂಡು ಹೋಗಿದ್ದರಂತೆ. ಹೊಲದಲ್ಲಿ ದುಡಿದು ಬಂದ ಅರವತ್ತರ ಹಿರಿಯರಿಗೆ ಅದು ಒಗ್ಗುವುದಿಲ್ಲ ಎಂದು ಬೇಗನೆ ಗೊತ್ತಾಯಿತು. ಅದನ್ನು ಪಕ್ಕಕ್ಕಿಟ್ಟು, ನಿಮಗೆ ಏನು ಕಲಿಯಬೇಕಿದೆ ಎಂದು ಕೇಳಿದರು. ತಮ್ಮ ಹೆಸರು ಬರೆಯಬೇಕು, ಬೈಬಲ್ ಓದಬೇಕು, ದೂರದ ಊರಿನಲ್ಲಿರುವ ಮಕ್ಕಳ ಕಾಗದ ಬೇರೆಯವರ ಕೈಲಿ ಓದಿಸಬಾರದು, ಮನಿ ಆರ್ಡರ್ ಫಾರ್ಮ್ ತುಂಬಬೇಕು, ಅಂಚೆಯಲ್ಲಿ ಸಾಮಾನು ತರಿಸುವ ಫಾರ್ಮ್ ತುಂಬಬೇಕು. ಅಲ್ಲಿಂದಲೇ ಪಾಠ ಶುರುವಾಯಿತು. ರಟ್ಟಿನ ಮೇಲೆ ದೊಡ್ಡದಾಗಿ ಬರೆದ ಸ್ವಂತ ಹೆಸರಿನ ಮೇಲೆ ಕೈಯಾಡಿಸಿ ತಿದ್ದುವುದು ಮೊದಲ ಪಾಠ. ನಮ್ಮಲ್ಲಿ ಮರಳಿನ ಮೇಲೆ, ಅಕ್ಕಿಯ ಮೇಲೆ ಅ ಆ ತಿದ್ದಿಸಿದ ಹಾಗೆ. ಗುಣಿಸು ಗುರುತು ಹಾಕುತ್ತಿದ್ದ ಕೈ ಹೆಸರು ಬರೆಯಲು ಕಲಿತ ಮೇಲೆ ಸಂವಿಧಾನದ ಸಾಲುಗಳಿಗೆ ಹೋಗುತ್ತಿದ್ದರು.

ಹೆಸರಿಗೆ ಅಷ್ಟು ಬೆಲೆ ಯಾಕೆ ಎಂಬುದು ಆ ಕಾಲದ ದಕ್ಷಿಣ ಗೊತ್ತಿದ್ದರೆ ತಿಳಿಯುತ್ತದೆ. ಎಪ್ಪತ್ತು ವರ್ಷದ ಕಪ್ಪು ಅಜ್ಜಿಯನ್ನೂ ಬಿಳಿಯರ ಮನೆಯ ಹುಡುಗ ಬರಿ ಹೆಸರು ಹಿಡಿದೇ ಕರೆಯುತ್ತಿದ್ದ. ಮಿಸ್ಟರ್, ಮಿಸೆಸ್ ಎಂಬುದು ಬಿಳಿಯರಿಗೆ ಮೀಸಲು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಹುಟ್ಟಿನಿಂದ ಸಾವಿನವರೆಗೂ ಏಕವಚನ. ಅಂಥವರು ಸರ್ಕಾರಿ ಪುಸ್ತಕದಲ್ಲಿ ತಮ್ಮ ಪೂರ್ತಿ ಹೆಸರನ್ನು ತಮ್ಮ ಕೈಯಾರೆ ಬರೆಯುವುದು ಸಣ್ಣ ಮಾತಾಗಿರಲಿಲ್ಲ.

ಒಂದು ದ್ವೀಪದ ಶಾಲೆ ಪಕ್ಕದ ದ್ವೀಪಗಳಿಗೆ ಹಬ್ಬಿತು. 1961ರ ಹೊತ್ತಿಗೆ ಟೆನೆಸಿ ಸರ್ಕಾರ ಹೈಲ್ಯಾಂಡರ್ ಕೇಂದ್ರವನ್ನು ಮುಚ್ಚಿಸುವ ಹಂತದಲ್ಲಿದ್ದಾಗ, ಕಿಂಗ್ ಅವರ ಸಂಘಟನೆ ಈ ಕೆಲಸವನ್ನು ವಹಿಸಿಕೊಂಡಿತು. ಜಾರ್ಜಿಯಾದ ಡಾರ್ಚೆಸ್ಟರ್ ಎಂಬಲ್ಲಿ ಕ್ಲಾರ್ಕ್, ಡೊರೊಥಿ ಕಾಟನ್ ಮತ್ತು ಆಂಡ್ರ್ಯೂ ಯಂಗ್ ಸೇರಿ ಶಿಕ್ಷಕರನ್ನು ತಯಾರು ಮಾಡಿದರು. ದಕ್ಷಿಣದ ಹಳ್ಳಿ ಹಳ್ಳಿಗಳಿಂದ ಬಂದವರು ಕೆಲವು ದಿನ ಕಲಿತು, ಊರಿಗೆ ಮರಳಿ, ಅಡುಗೆಮನೆಯಲ್ಲೋ ಚರ್ಚಿನಲ್ಲೋ ತಮ್ಮದೇ ಶಾಲೆ ತೆರೆಯುತ್ತಿದ್ದರು.

ಇಲ್ಲಿಯವರೆಗಿನದು ಕಲಿತರೆ ಪಾಸಾಗಬಹುದಾದ ಊರಿನ ಕಥೆ. ಮಿಸಿಸಿಪ್ಪಿಯಲ್ಲಿ ಕಲಿತರೂ ಪಾಸು ಮಾಡುತ್ತಿರಲಿಲ್ಲ.

1962ರ ಆಗಸ್ಟ್ 31ರಂದು ರೂಲ್‌ವಿಲ್ ಎಂಬ ಊರಿನಿಂದ 18 ಮಂದಿ ಒಂದು ಹಳೆಯ ಬಸ್ಸು ಹತ್ತಿ ಇಂಡಿಯನೋಲಾದ ಕಚೇರಿಗೆ ಹೋದರು. ಅವರಲ್ಲಿ ಫ್ಯಾನಿ ಲೂ ಹೇಮರ್ ಒಬ್ಬರು. ವಯಸ್ಸು 44, ಹತ್ತಿಯ ತೋಟದಲ್ಲಿ 18 ವರ್ಷದಿಂದ ಪಾಲಿಗೆ ದುಡಿಯುತ್ತಿದ್ದವರು. ಕಪ್ಪು ಜನರೂ ವೋಟು ಹಾಕಬಹುದು ಎಂಬುದೇ ಆ ವರ್ಷದವರೆಗೆ ಅವರಿಗೆ ಗೊತ್ತಿರಲಿಲ್ಲ. ಅಧಿಕಾರಿ ಅವರಿಗೆ ಕೊಟ್ಟದ್ದು ಲ್ಯಾಟಿನ್ ಪದಗಳಿದ್ದ ಒಂದು ಕಾನೂನಿನ ವಿಧಿ. ನಕಲು ಮಾಡಿದರು, ಅರ್ಥ ಬರೆಯಲಾಗಲಿಲ್ಲ, ಫೇಲಾದರು. ಹಿಂದಿರುಗುವಾಗ ಪೊಲೀಸರು ಬಸ್ಸು ತಡೆದರು. ಬಸ್ಸಿನ ಹಳದಿ ಬಣ್ಣ ಸರಿಯಿಲ್ಲ ಎಂದು ಚಾಲಕನಿಗೆ 100 ಡಾಲರ್ ದಂಡ. ಅದು 30ಕ್ಕೆ ಇಳಿದಾಗ ಬಡವರೆಲ್ಲ ಜೇಬು ತಡಕಿ ಕೂಡಿಸಿ ಕಟ್ಟಿದರು. ಮನೆ ಮುಟ್ಟುವ ಮೊದಲೇ ಸುದ್ದಿ ತೋಟದ ಯಜಮಾನನಿಗೆ ಮುಟ್ಟಿತ್ತು. ಅರ್ಜಿ ವಾಪಸ್ ತೆಗೆದುಕೋ, ಇಲ್ಲವಾದರೆ ಜಾಗ ಖಾಲಿ ಮಾಡು ಎಂದ. ನಾನು ಹೆಸರು ಕೊಟ್ಟದ್ದು ನಿಮಗಾಗಿ ಅಲ್ಲ, ನನಗಾಗಿ ಎಂಬರ್ಥದ ಉತ್ತರ ಕೊಟ್ಟು ಹೇಮರ್ ಆ ರಾತ್ರಿಯೇ ಹೊರಬಿದ್ದರು.

ಯಾರ ಬಳಿ ಕೆಲಸ ಮಾಡುತ್ತೀರಿ ಎಂಬ ಪ್ರಶ್ನೆ ಫಾರ್ಮಿನಲ್ಲಿ ಏಕಿತ್ತು ಎಂದು ಈಗ ಅರ್ಥವಾದೀತು. ಅದೂ ಸಾಲದೆಂದು ಮಿಸಿಸಿಪ್ಪಿ ಅದೇ 1962ರಲ್ಲಿ ಇನ್ನೊಂದು ಕಾನೂನು ಮಾಡಿತು. ಅರ್ಜಿ ಹಾಕಿದವರ ಹೆಸರನ್ನು ಎರಡು ವಾರ ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟಿಸಬೇಕು. ನೋಡುವುದಕ್ಕೆ ಪಾರದರ್ಶಕತೆ. ಆದರೆ ಪತ್ರಿಕೆ ಓದುವ ಧಣಿಗೆ, ಸಾಲ ಕೊಟ್ಟ ಬ್ಯಾಂಕಿನವನಿಗೆ, ಬಂದೂಕು ಹಿಡಿದವನಿಗೆ ಅದು ತಯಾರಾದ ಪಟ್ಟಿ. ಗ್ರೀನ್‌ವುಡ್ ಊರಿರುವ ಲೆಫ್ಲೋರ್ ಕೌಂಟಿಯಲ್ಲಿ ಆ ವರ್ಷದ ಚಳಿಗಾಲಕ್ಕೆ ಬಡವರಿಗೆ ಹಂಚುವ ಕೇಂದ್ರ ಸರ್ಕಾರದ ಪಡಿತರವನ್ನೇ ಅಧಿಕಾರಿಗಳು ನಿಲ್ಲಿಸಿಬಿಟ್ಟರು. ವಿದ್ಯಾರ್ಥಿ ಕಾರ್ಯಕರ್ತರು ಉತ್ತರದ ರಾಜ್ಯಗಳಿಂದ ಆಹಾರ ತರಿಸಿ ಹಂಚಿದರು, ಹಂಚುವ ಸಾಲಿನಲ್ಲೇ ನೋಂದಣಿಯ ಮಾತೂ ಆಡಿದರು. ಅದಕ್ಕೂ ಒಂದು ವರ್ಷ ಮೊದಲು, 1961ರ ಸೆಪ್ಟೆಂಬರಿನಲ್ಲಿ, ಈ ಕೆಲಸಕ್ಕೆ ಕೈಜೋಡಿಸಿದ್ದ ಹರ್ಬರ್ಟ್ ಲೀ ಎಂಬ ರೈತರನ್ನು ರಾಜ್ಯದ ಶಾಸಕನೊಬ್ಬ ಹಗಲಿನಲ್ಲೇ ಗುಂಡಿಟ್ಟು ಕೊಂದಿದ್ದ. ಅವನಿಗೆ ಶಿಕ್ಷೆಯಾಗಲಿಲ್ಲ.

ಹಾಗಾದರೆ, ಫೇಲು ಮಾಡಲೆಂದೇ ಕಟ್ಟಿದ ಪರೀಕ್ಷೆಗೆ ಜನರನ್ನು ತಯಾರು ಮಾಡುವುದರಲ್ಲಿ ಏನರ್ಥ? ಈ ಇತಿಹಾಸ ಓದುವಾಗ ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಇದು. 1964ರ ಬೇಸಿಗೆಯಲ್ಲಿ ಸುಮಾರು 1,000 ಸ್ವಯಂಸೇವಕರು ಮಿಸಿಸಿಪ್ಪಿಗೆ ಬಂದರು. ಚೇನಿ, ಗುಡ್‌ಮನ್, ಶ್ವೆರ್ನರ್ ಎಂಬ ಮೂವರು ತರುಣರ ಕೊಲೆಯಾಯಿತು. ಆ ಬೇಸಿಗೆಯಲ್ಲಿ ಸುಮಾರು 17,000 ಕಪ್ಪು ಜನ ಕಚೇರಿಗೆ ಹೋಗಿ ಅರ್ಜಿ ಹಾಕಲು ಯತ್ನಿಸಿದರು. ಪಟ್ಟಿಗೆ ಸೇರಿದ್ದು ಸುಮಾರು 1,600 ಹೆಸರು. ನಮ್ಮ ಆಫೀಸಿನ ಲೆಕ್ಕದಲ್ಲಿ ಇಷ್ಟು ಕಡಿಮೆ ಫಲ ಕೊಡುವ ಪ್ರಾಜೆಕ್ಟನ್ನು ಮೊದಲ ತ್ರೈಮಾಸಿಕದಲ್ಲೇ ನಿಲ್ಲಿಸಿಬಿಡುತ್ತಾರೆ.

ಆದರೆ ತಿರಸ್ಕರಿಸಿದ ಅರ್ಜಿಯೂ ಕಾಗದವೇ. 1960ರ ನಾಗರಿಕ ಹಕ್ಕು ಕಾಯ್ದೆಯ ಪ್ರಕಾರ ನೋಂದಣಿ ಕಚೇರಿಗಳು ದಾಖಲೆಗಳನ್ನು 22 ತಿಂಗಳು ಕಾಪಾಡಬೇಕಿತ್ತು, ಕೇಂದ್ರದ ನ್ಯಾಯ ಇಲಾಖೆ ಕೇಳಿದರೆ ತೋರಿಸಬೇಕಿತ್ತು. ಇಲಾಖೆಯ ವಕೀಲರು ಕಪ್ಪು ಜನರ ಅರ್ಜಿ ಮತ್ತು ಬಿಳಿಯರ ಅರ್ಜಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಲೂಸಿಯಾನಾದ ಒಂದು ಅರ್ಜಿಯಲ್ಲಿ ವಾಕ್ ಸ್ವಾತಂತ್ರ್ಯ ಎಂಬ ಪದಗಳನ್ನೇ ಕಾಗುಣಿತ ಪೂರ್ತಿ ಕೆಡಿಸಿ ಗೀಚಿದ್ದ ಬಿಳಿಯನ ಉತ್ತರ ಪಾಸಾಗಿತ್ತು. ಅದಕ್ಕಿಂತ ಎಷ್ಟೋ ಚೆನ್ನಾಗಿ ಬರೆದ ಕಪ್ಪು ಜನ ಫೇಲಾಗಿದ್ದರು. ಕಪ್ಪು ಜನ ಅರ್ಜಿಯನ್ನೇ ಹಾಕದಿದ್ದರೆ ಹೋಲಿಸಿ ನೋಡಲು ಏನೂ ಇರುತ್ತಿರಲಿಲ್ಲ. ಅವರಿಗೆ ವೋಟು ಬೇಕಾಗಿಯೇ ಇಲ್ಲ, ಆಸಕ್ತಿಯಿಲ್ಲ ಎಂಬ ಹಳೆಯ ಮಾತೇ ಉಳಿಯುತ್ತಿತ್ತು. ಆ ಮಾತನ್ನು ಸುಳ್ಳು ಮಾಡಲೆಂದೇ 1963ರ ನವೆಂಬರಿನಲ್ಲಿ ಕಾರ್ಯಕರ್ತರು ಮಿಸಿಸಿಪ್ಪಿಯಲ್ಲಿ ತಮ್ಮದೇ ಅಣಕು ಚುನಾವಣೆ ನಡೆಸಿದರು. ಚರ್ಚು, ಅಂಗಡಿಗಳಲ್ಲಿ ಪೆಟ್ಟಿಗೆ ಇಟ್ಟರು. 80,000ಕ್ಕೂ ಹೆಚ್ಚು ಮಂದಿ ಬಂದು ಮತ ಹಾಕಿದರು.

1965ರ ಮಾರ್ಚ್ 7, ಸೆಲ್ಮಾ ಸೇತುವೆಯ ಆ ರಕ್ತದ ಭಾನುವಾರ. ಮರುದಿನ, ಮಾರ್ಚ್ 8ರಂದು, ಸುಪ್ರೀಂ ಕೋರ್ಟು ಲೂಸಿಯಾನಾದ ಅರ್ಥ ವಿವರಿಸುವ ಪರೀಕ್ಷೆಯನ್ನು ರದ್ದು ಮಾಡಿತು. ತೀರ್ಪು ಬರೆದ ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್ ಸ್ವತಃ ಅಲಬಾಮಾದವರು. ಅದೇ ವರ್ಷ ಆಗಸ್ಟ್ 6ರಂದು ಮತದಾನದ ಹಕ್ಕು ಕಾಯ್ದೆಗೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು. ದಕ್ಷಿಣದ ಹೆಚ್ಚಿನ ರಾಜ್ಯಗಳಲ್ಲಿ ಇಂಥ ಪರೀಕ್ಷೆಗಳು ನಿಂತವು, ಅಗತ್ಯವಿದ್ದಲ್ಲಿ ಹೆಸರು ಸೇರಿಸಲು ಕೇಂದ್ರದ ಅಧಿಕಾರಿಗಳೇ ಬಂದರು. ಮಿಸಿಸಿಪ್ಪಿಯಲ್ಲಿ ಶೇ. 6.7ರಷ್ಟಿದ್ದ ಕಪ್ಪು ಮತದಾರರ ನೋಂದಣಿ 1967ರ ಹೊತ್ತಿಗೆ ಶೇ. 59.8 ಆಯಿತು. ಮೆರವಣಿಗೆ ದೇಶದ ಕಣ್ಣು ತೆರೆಸಿತು ಎಂಬುದು ನಿಜ. ಆದರೆ ತೆರೆದ ಕಣ್ಣಿಗೆ ತೋರಿಸಲು ಪೆಟ್ಟಿಗೆ ಪೆಟ್ಟಿಗೆ ಅರ್ಜಿಗಳಿದ್ದವು. ಅವನ್ನು ತುಂಬಿದವರು, ಫೇಲಾಗುತ್ತೇವೆಂದು ಗೊತ್ತಿದ್ದೂ ಸಾಲಿನಲ್ಲಿ ನಿಂತವರು.

ನಮ್ಮ ದೇಶ ಈ ವಿಷಯದಲ್ಲಿ ಬೇರೆ ದಾರಿ ಹಿಡಿಯಿತು. ಓದು ಬರಹ, ಆಸ್ತಿ ಏನನ್ನೂ ಕೇಳದೆ ವಯಸ್ಕರೆಲ್ಲರ ಹೆಸರನ್ನೂ ಬರೆದುಕೊಳ್ಳುವ ಕೆಲಸ ಸಂವಿಧಾನ ಜಾರಿಯಾಗುವ ಮೊದಲೇ ಶುರುವಾಗಿತ್ತು. ಪಟ್ಟಿ ಮಾಡುವುದು ಸರ್ಕಾರದ ಹೊಣೆ, ನೌಕರರೇ ಬಾಗಿಲಿಗೆ ಬರಬೇಕು. 1951-52ರ ಮೊದಲ ಚುನಾವಣೆಗೆ ಸುಮಾರು 17.3 ಕೋಟಿ ಹೆಸರು. ಆದರೂ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಇಂಥವನ ಹೆಂಡತಿ, ಇಂಥವನ ಮಗಳು ಎಂದು ಹೇಳಿದರೇ ಹೊರತು ತಮ್ಮ ಸ್ವಂತ ಹೆಸರು ಹೇಳಲಿಲ್ಲ. ಹೆಸರಿಲ್ಲದವರನ್ನು ಬರೆದುಕೊಳ್ಳುವುದಿಲ್ಲ ಎಂದು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟು ಹಿಡಿದರು. ಮುಂದಿನ ಚುನಾವಣೆಗಳಿಗೆ ಹೆಸರು ಹೇಳಬೇಕೆಂಬುದನ್ನೇ ತಿಳಿಸಿ ಹೇಳಬೇಕಾಯಿತು. ಜಾನ್ಸ್ ಐಲೆಂಡಿನ ಮೊದಲ ಪಾಠ ನಮ್ಮಲ್ಲೂ ಬೇಕಾಗಿತ್ತು.

ಬಾಗಿಲಿಗೆ ಬರುವ ಪಟ್ಟಿ ಬಾಗಿಲು ಬದಲಾಯಿಸಿದವರನ್ನು ಹಿಂಬಾಲಿಸುವುದಿಲ್ಲ. ಊರು ಬಿಟ್ಟು ಬಂದ ನಮ್ಮಂಥವರಿಗೆ ಫಾರ್ಮು ನಮ್ಮದೇ ಹೊರೆ. ಪುಣೆಯ ನಮ್ಮ ಸೊಸೈಟಿಯಲ್ಲಿ ನೋಂದಣಿ ಶಿಬಿರ ಮಾಡಿದಾಗ ನಾನು ಒಂದು ಟೇಬಲ್ಲಿನಲ್ಲಿ ಕೂತಿದ್ದೆ. ಫ್ಲ್ಯಾಟಿನವರ ವಿಳಾಸ ಬದಲಾವಣೆಯ ಫಾರ್ಮ್ 8 ಐದೈದು ನಿಮಿಷದಲ್ಲಿ ಮುಗಿಯುತ್ತಿತ್ತು. ಮೆಟ್ಟಿಲು ಗುಡಿಸುವ ಕಲಬುರ್ಗಿ ಕಡೆಯ ಅಕ್ಕ ಒಬ್ಬರು ದೂರದಲ್ಲಿ ನಿಂತು ನೋಡಿ, ಸಾಲು ಖಾಲಿಯಾದ ಮೇಲೆ ಬಂದರು. “ಅಣ್ಣಾರ, ನಂದು ವೋಟ್ ಊರಾಗ ಅದರಿ. ಇಲ್ಲಿಗೆ ಬಂದು ಹತ್ತು ವರ್ಷ ಆಗ್ಯಾವ. ಇಲ್ಲೇ ಮಾಡ್ಸಬಹುದೇನ್ರಿ?”

“ಬರ್ರಿ ಅಕ್ಕಾ, ಕೂಡ್ರಿ” ಅಂದೆ. ಅವರ ಫಾರ್ಮಿಗೆ ಮೂರು ಭಾನುವಾರ ಹಿಡಿಯಿತು. ಖೋಲಿಯ ಮಾಲೀಕ ಬಾಡಿಗೆ ಕರಾರು ಬರೆದುಕೊಡಲಿಲ್ಲ, ಲೈಟ್ ಬಿಲ್ಲು ಅವನ ಹೆಸರಿನಲ್ಲಿ. ಕೊನೆಗೆ ಅಂಚೆ ಕಚೇರಿಯ ಪಾಸ್‌ಬುಕ್ಕಿನಲ್ಲಿ ಈಗಿನ ವಿಳಾಸ ಇದ್ದದ್ದು ಕೈಹಿಡಿಯಿತು. ಸಹಿಯ ಜಾಗ ಬಂದಾಗ ನಾನು ಇಂಕ್ ಪ್ಯಾಡ್ ಮುಂದಕ್ಕೆ ಸರಿಸಿದೆ. “ಹೆಬ್ಬಟ್ಟು ಬ್ಯಾಡ್ರಿ, ನಾ ಸೈ ಮಾಡ್ತೀನಿ” ಎಂದು ಪೆನ್ನು ಕೇಳಿ, ಒಂದೊಂದೇ ಅಕ್ಷರ ಒತ್ತಿ, ಕನ್ನಡದಲ್ಲಿ ಬರೆದರು. ಮಗಳ ಪಾಟಿಯ ಮೇಲೆ ಕಲಿತದ್ದಂತೆ.

ಅವರನ್ನು ಯಾರೂ ಬೆದರಿಸಲಿಲ್ಲ, ಯಾರೂ ಬಸ್ಸು ತಡೆಯಲಿಲ್ಲ. ಮಿಸಿಸಿಪ್ಪಿಗೂ ಪುಣೆಗೂ ಹೋಲಿಕೆ ಹಚ್ಚುವುದು ಅಲ್ಲಿ ಜೀವ ತೆತ್ತವರಿಗೆ ನ್ಯಾಯವಲ್ಲ. ಆದರೆ ಗೊತ್ತಿರುವವರು ಒಬ್ಬರು ಪಕ್ಕದಲ್ಲಿ ಕೂತು, ಯಾವ ಕಾಗದ ಬೇಕು, ಎಲ್ಲಿ ಬರೆಯಬೇಕು ಎಂದು ತಾಳ್ಮೆಯಿಂದ ಹೇಳಿಕೊಡುವ ಕೆಲಸ ಎರಡೂ ಕಡೆ ಒಂದೇ. ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಪೆಂಡಾಲು ಹಾಕುತ್ತವೆ. ಆ ಪೆಂಡಾಲಿನಲ್ಲೇ ಒಂದು ಟೇಬಲ್ಲು, ಎರಡು ಕುರ್ಚಿ, ಒಂದಿಷ್ಟು ಫಾರ್ಮು ಇಡುವುದಕ್ಕೆ ಹೆಚ್ಚೇನೂ ಖರ್ಚಿಲ್ಲ. ಕುರ್ಚಿಯಲ್ಲಿ ಕೂರುವವರು ದೊಡ್ಡ ಮನುಷ್ಯರಾಗಿರಬೇಕಾಗಿಯೂ ಇಲ್ಲ. ಜಾನ್ಸ್ ಐಲೆಂಡಿನಲ್ಲಿ ಕೂತವರು ಪಾರ್ಲರಿನವರು, ಅವರಿಗೆ ಜನರನ್ನು ತಂದುಕೊಟ್ಟವರು ಬಸ್ಸಿನವರು.

ಹೇಮರ್ ಅವರು ಮತ್ತೆ ಮತ್ತೆ ಇಂಡಿಯನೋಲಾಕ್ಕೆ ಹೋದರು. 1963ರ ಜನವರಿಯಲ್ಲಿ ಪಾಸಾದರು. ಆದರೂ ಎರಡು ವರ್ಷದ ತಲೆಗಂದಾಯದ ರಸೀದಿ ಇಲ್ಲವೆಂದು ಮತ ಹಾಕಲು ಬಿಡಲಿಲ್ಲ. ಅದಕ್ಕೂ ಹೋರಾಡಿದರು. ಸೆಪ್ಟಿಮಾ ಕ್ಲಾರ್ಕ್ ಅವರಿಂದ ಕಿತ್ತುಕೊಂಡ ಪಿಂಚಣಿಯನ್ನು ರಾಜ್ಯ ಸರ್ಕಾರ 1976ರಲ್ಲಿ ಮರಳಿಸಿತು, ಇಪ್ಪತ್ತು ವರ್ಷಗಳ ನಂತರ. ಅದಕ್ಕೂ ಒಂದು ವರ್ಷ ಮೊದಲು ಚಾರ್ಲ್ಸ್‌ಟನ್ನಿನ ಶಾಲಾ ಮಂಡಳಿಗೆ ಚುನಾವಣೆ ನಡೆದಿತ್ತು. ನೌಕರಿ ಕಳೆದುಕೊಂಡಿದ್ದ ಆ ಹಳೆಯ ಮೇಡಂ, ಎಪ್ಪತ್ತೈದು ದಾಟಿದ ವಯಸ್ಸಿನಲ್ಲಿ, ಅದೇ ಊರಿನ ಜನರ ಮತ ಪಡೆದು ಮಂಡಳಿಯ ಸದಸ್ಯೆಯಾಗಿ ಆರಿಸಿ ಬಂದರು.